ಶ್ರೀಮತಿ ಕನಕಾ ಮೂರ್ತಿಯವರ ಶಿಲ್ಪಕಲೆ

ವೇಣೂರಿನ ಗೊಮ್ಮಟನನ್ನು ನೋಡಹೋಗುವವರು ಸಮೀಪದ ಅಕ್ಕಂಗಳ ಬಸದಿಯನ್ನು ಸಾಮಾನ್ಯವಾಗಿ ಗಮನಿಸದೆ ಮುಂದುವರಿಯುವರು. 1604ರಲ್ಲಿ ತಿಮ್ಮಣ್ಣಾಜಿಲನು 35 ಅಡಿಯ ಆ ವಿಗ್ರಹವನ್ನು ನಿಲ್ಲಿಸಿದ ಕಾಲಕ್ಕೆ ಅವನ ರಾಣಿಯರು ಈ ಬಸದಿಯನ್ನು ಕಟ್ಟಿಸಿದರೆಂದು ಪ್ರಸಿದ್ಧಿಯಿದೆ. ನಮ್ಮ ಸೀಮೆಯಲ್ಲಿ ಕಲ್ಲಿಗೂ ಸ್ತ್ರೀಯರಿಗೂ ಇದ್ದ ಸಂಬಂಧವು ಬಹುಮಟ್ಟಿಗೆ ಇಂತಹುದೇ. ಕಟ್ಟಿಸುವ ಪುಣ್ಯವು ಅವರಿಗೆ ಸಲ್ಲುತ್ತಿತ್ತು. ಕಡೆಯುವ ವಿದ್ಯೆಯು ಸಲ್ಲುತ್ತಿರಲಿಲ್ಲ.

ಪರದೇಶಗಳಲ್ಲಿಯೂ ಈ ಮಾತು ಬೇರೆಯಾಗಿರಲಿಲ್ಲ. ರೋಮಿನಲ್ಲಿ ನೆಲಸಿ ಕೆಲಸಮಾಡುತ್ತಿದ್ದ ಅಮೆರಿಕದ ಹ್ಯಾರಿಯೆಟ್ ಹಾಸ್ಮರ್ (1830–1908) ಎಂಬಾಕೆಯ 'ಜೆನೋಬಿಯಾ' ಪ್ರತಿಮೆಯು 1862ರಲ್ಲಿ ಲಂಡನ್ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆಯಿತು. ಮರುವರ್ಷವೇ, ಅದು ಆಕೆಯ ಕೃತಿಯಲ್ಲ, ಕೂಲಿಯಾಳಿನದು ಎಂಬ ಅಪವಾದವು ಪತ್ರಿಕೆಯಲ್ಲಿ ಅಚ್ಚಾಯಿತು. ಶಿಲ್ಪಿಯು ಜೇಡಿಮಣ್ಣಿನಲ್ಲಿ ರೂಪವನ್ನು ಮಾಡಿಕೊಡುವುದೂ, ಅಮೃತಶಿಲೆಯನ್ನು ಕೆಲಸಗಾರರು ಕಡೆಯುವುದೂ ಅಂದು ಗಂಡಸರಲ್ಲಿಯೂ ಇದ್ದ ರೂಢಿ! ಆಕೆಯು 1864ರಲ್ಲಿ ಆ ಕ್ರಮವನ್ನೆಲ್ಲ ವಿವರಿಸಿ ಲೇಖನವನ್ನು ಬರೆಯಬೇಕಾಯಿತು.

ನಮ್ಮ ನಾಡಿನ ಕನಕಾ ಮೂರ್ತಿಯವರು (1942–2021) ಸ್ವತಃ ಉಳಿ ಸುತ್ತಿಗೆಗಳನ್ನೇ ಹಿಡಿದವರು. ತಿರುಮಕೂಡಲು ನರಸೀಪುರದಲ್ಲಿ ಜನಿಸಿ, ಬೆಂಗಳೂರಿನ ಕಲಾಮಂದಿರದಲ್ಲಿ ಅಭ್ಯಾಸಮಾಡಿ, ದೇವಲಕುಂದ ವಾದಿರಾಜರಲ್ಲಿ ಸಂಪ್ರದಾಯಶಿಲ್ಪವನ್ನು ಕಲಿತರು. ವಿಗ್ರಹವಿದ್ಯೆಯು ಹೆಂಗಸರಿಗೆ ಹೇಳಿದ್ದಲ್ಲವೆಂದು ಎಣಿಸುತ್ತಿದ್ದಾಗ ಶಿಷ್ಯೆಯನ್ನು ಸ್ವೀಕರಿಸಿದ ಗುರುವಿನ ಔದಾರ್ಯವೂ ಸಣ್ಣದಲ್ಲ.

ಆದರೆ ಇವರ ಸಾಧನೆಯನ್ನು 'ಹೆಂಗಸಾಗಿಯೂ ಕಲ್ಲು ಕಡೆದರು' ಎಂಬಲ್ಲಿಗೆ ಮುಗಿಸುವುದು ನನಗೆ ಸಮ್ಮತವಲ್ಲ. ಅದು ಹಾಸ್ಮರಳ ಮೇಲಿನ ಸಂಶಯವನ್ನೇ ಹೊಗಳಿಕೆಯ ವೇಷದಲ್ಲಿ ತಂದಂತೆ. ನೋಡತಕ್ಕುದು ಕೃತಿಯನ್ನು. ದೇವತಾವಿಗ್ರಹಕ್ಕೆ ತಾಳಮಾನವಿದೆ, ಮುಖ ಇಷ್ಟು, ಮೈ ಇಷ್ಟು ಎಂಬ ಲೆಕ್ಕವು ಶಿಲ್ಪಿಯನ್ನು ಕೈಹಿಡಿದು ನಡೆಸುವುದು. ಮನುಷ್ಯನ ಪ್ರತಿಮೆಗೆ ಆ ಆಸರೆಯಿಲ್ಲ. ಅಲ್ಲಿ ಲಕ್ಷಣಕ್ಕಿಂತ ಹೋಲಿಕೆಯೇ ಮುಖ್ಯ. ಹೋಲಿಕೆಯೊಂದನ್ನೇ ಹಿಡಿದರೆ ಶಿಲ್ಪವು ಬರಿಯ ಪಡಿಯಚ್ಚಾಗುವುದು. ಸಂಪ್ರದಾಯದಲ್ಲಿ ಪಳಗಿದ ಕೈಯನ್ನೇ ಕನಕಾ ಮೂರ್ತಿಯವರು ಈ ಇಕ್ಕಟ್ಟಿನ ದಾರಿಗೆ ತಂದರು. ಗಂಗೂಬಾಯಿ ಹಾನಗಲ್, ದೊರೆಸ್ವಾಮಿ ಅಯ್ಯಂಗಾರ್ ಮುಂತಾದ ಸಂಗೀತಗಾರರ ಪ್ರತಿಮೆಗಳನ್ನು ಅವರು ರಚಿಸಿದರು. ನಾದವೇ ಸರ್ವಸ್ವವಾದವರನ್ನು ಮಾತಿಲ್ಲದ ಕಲ್ಲಿನಲ್ಲಿ ತೋರಿಸಹೊರಡುವುದೇ ಒಂದು ಸಾಹಸವಲ್ಲವೆ? ಎಲ್ಲವೂ ಸಮನಾಗಿ ಫಲಿಸುವ ಬಗೆಯ ಕೆಲಸವಲ್ಲ ಇದು. ಆದರೂ ಇವರ ವೈಶಿಷ್ಟ್ಯವನ್ನು ನಾನು ದೇವತಾವಿಗ್ರಹಗಳಿಗಿಂತ ಇಲ್ಲಿಯೇ ಕಾಣುವೆನು.

ರಾಜ್ಯೋತ್ಸವ ಪ್ರಶಸ್ತಿಯೂ ಮುಂದೆ ಜಕಣಾಚಾರಿ ಪ್ರಶಸ್ತಿಯೂ ಇವರಿಗೆ ಸಂದುವು. ಎರಡನೆಯದನ್ನು ಪಡೆದ ಮೊದಲ ಮಹಿಳೆ ಇವರೇ. ಕಾರ್ಕಳದ ರೆಂಜಾಳ ಗೋಪಾಲಕೃಷ್ಣ ಶೆಣೈಯವರ ಕೈಚಳಕವನ್ನು ಧರ್ಮಸ್ಥಳದ ಬಾಹುಬಲಿಯಲ್ಲಿ ಕಂಡು ಬೆಳೆದ ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಜನಕ್ಕೆ ಶಿಲ್ಪವೆಂದೊಡನೆ ಎತ್ತರವೇ ಕಣ್ಣಿಗೆ ಕಟ್ಟುವುದು. ಬೆಂಗಳೂರಿನ ಲಾಲ್‌ಬಾಗಿಗೆ ಹೂವಿನ ಪ್ರದರ್ಶನಕ್ಕೆಂದು ಹೋಗುವವರು ಪಶ್ಚಿಮದ್ವಾರದ ಬಳಿ ಇವರು ನಿರ್ಮಿಸಿದ ಕುವೆಂಪುರವರ ಪ್ರತಿಮೆಯ ಮುಂದೆ ತುಸು ನಿಲ್ಲಲಿ. ಅದು ಎತ್ತರದ ಶಿಲ್ಪವಲ್ಲ. ಮುಖವನ್ನು ಮುಖದ ಮಟ್ಟದಲ್ಲಿಯೇ ನೋಡಬೇಕು.