ಪರೋಕ್ಷ ಕಥನವೂ ವಿರಾಮಚಿಹ್ನೆಯೂ: ಒಂದು ಇಂಗ್ಲಿಷ್ ವ್ಯಾಕರಣದ ವಿಮರ್ಶೆ

ರೆನ್ ಮತ್ತು ಮಾರ್ಟಿನ್ ಎಂಬ ಜೋಡಿ ಹೆಸರನ್ನು ಕೇಳದೆ ಇಂಗ್ಲಿಷ್ ಕಲಿತ ಭಾರತೀಯರು ವಿರಳ. 1930ರ ದಶಕದಲ್ಲಿ ಹೊರಟ ಆ ವ್ಯಾಕರಣದ ಕರ್ತೃಗಳಲ್ಲೊಬ್ಬನಾದ ಪಿ. ಸಿ. ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯಲ್ಲಿದ್ದವನು. 1924ರ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯನ್ನು ಬರೆದವನೂ ಅವನೇ. (ನಮ್ಮ ನಾಡಿನಲ್ಲಿ ಕಾದಂಬರಿ ಮರೆಯಾಯಿತು, ವ್ಯಾಕರಣ ಉಳಿಯಿತು!) ಗ್ರಂಥದ ವಿಷಯವಿಭಾಗವೂ ಅಭ್ಯಾಸಗಳ ವಿಪುಲತೆಯೂ ಶ್ಲಾಘ್ಯವೇ. ಆದರೆ ಅಹಮದಾಬಾದು, ವಡೋದರಾ, ಸೂರತಗಳಲ್ಲಿ ನೆಲಸಿ, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಗುಜರಾತಿಯನ್ನೂ ಆಡುವ ಮಗುವಿಗೆ ಅದು ಎಷ್ಟರಮಟ್ಟಿಗೆ ದಾರಿ ತೋರೀತು ಎಂಬುದು ವಿಚಾರಾರ್ಹ.

ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ಕೊನೆಗೆ ಬಂದು ಮಾತನ್ನು ಮುಗಿಸುತ್ತದೆ. ಪರರ ನುಡಿಗೆ ‘ಎಂದು’ ಎಂಬುದೇ ಎಲ್ಲೆ. 13ನೆಯ ಶತಮಾನದ ಕೇಶಿರಾಜನಿಗೆ ಅಲ್ಪವಿರಾಮದ ಚಿಂತೆ ಬೇಕಾಗಲಿಲ್ಲ. ಗುಜರಾತಿಯಲ್ಲಿಯೂ ಕ್ರಿಯಾಪದದ ಸ್ಥಾನ ಕೊನೆಯೇ. ಆದರೆ ಅಲ್ಲಿ ಪರೋಕ್ತಿಯನ್ನು ಸೂಚಿಸುವ ‘ಕೆ’ ಎಂಬ ಅವ್ಯಯ ಮಾತಿಗೆ ಮುಂಚೆ ನಿಲ್ಲುತ್ತದೆ: ‘ತೇಣೇ ಕಹ್ಯುಂ ಕೆ ಹುಂ ಆಪೀಶ’. ‘ನಾನು ಕೊಡುತ್ತೇನೆಂದು ಅವನು ಹೇಳಿದನು’ ಎಂಬುದು ಇದರ ಕನ್ನಡ. ಇಲ್ಲಿಯ ‘ಹುಂ’, ‘ನಾನು’ ಎರಡೂ ಹೇಳಿದವನನ್ನೇ ನಿರ್ದೇಶಿಸುತ್ತವೆ. ‘ಕೆ’ ಇರುವೆಡೆಯಲ್ಲಿ ‘ದಟ್’ ಇಟ್ಟರೆ ಇಂಗ್ಲಿಷಾಯಿತೆಂದು ಬಗೆದ ವಿದ್ಯಾರ್ಥಿ ‘ಹಿ ಸೆಡ್ ದಟ್ ಐ ವಿಲ್ ಪೇ’ ಎಂದು ಬರೆಯುತ್ತಾನೆ. ಅಲ್ಲಿಗೆ ಸಾಲದ ಹೊರೆ ಹೆಗಲು ಬದಲಾಯಿಸಿತು. ಹಣ ತೆರಬೇಕಾದವನು ಈಗ ಹೇಳಿದವನಲ್ಲ, ಬರೆದವನು! ‘ದಟ್’ ಕೈಬಿಟ್ಟು ಉದ್ಧರಣಚಿಹ್ನೆ ಹಾಕಬೇಕು. ಇಲ್ಲವೆ ‘ಹಿ ಸೆಡ್ ದಟ್ ಹಿ ವುಡ್ ಪೇ’ ಎನ್ನಬೇಕು. ಪುರುಷ, ಕಾಲಗಳನ್ನು ಬದಲಿಸುವ ಸೂತ್ರಗಳನ್ನು ರೆನ್-ಮಾರ್ಟಿನರು ಕೊಟ್ಟಿದ್ದಾರೆ, ನಿಜ. ಸೂತ್ರ ತಪ್ಪಲ್ಲ, ದೋಷ ಹುಟ್ಟುವ ಸ್ಥಳ ಸೂತ್ರಕಾರರ ಕಣ್ಣಿಗೆ ಬಿದ್ದಿಲ್ಲ. ‘ತಾನು ಕೊಡುವುದಾಗಿ ಹೇಳಿದನು’ ಎಂಬ ಕನ್ನಡ ಪ್ರಯೋಗದಿಂದಲೇ ಪಾಠವನ್ನು ತೊಡಗಿದರೆ ಅರ್ಧ ಶ್ರಮ ಉಳಿದೀತು.

ಅಲ್ಪವಿರಾಮವೆಂದರೆ ಉಸಿರು ನಿಲ್ಲಿಸುವ ತಾಣವೆಂಬ ಬೋಧನೆಯೂ ಅಷ್ಟೇ ಅಪಾಯಕರ. ‘ದ ಮರ್ಚೆಂಟ್ಸ್ ಹೂ ಪೇಡ್’ ಎಂದರೆ ವರ್ತಕರಲ್ಲಿ ಹಣ ಕಟ್ಟಿದವರು ಮಾತ್ರ. ‘ಹೂ ಪೇಡ್’ ಎಂಬುದರ ಹಿಂದೆ ಮುಂದೆ ಅಲ್ಪವಿರಾಮ ಬಿದ್ದರೆ ಎಲ್ಲರೂ ಕಟ್ಟಿದಂತಾಯಿತು. ‘ಹಣ ಕಟ್ಟಿದ ವರ್ತಕರು’ ಎಂಬ ಕನ್ನಡದಲ್ಲಿ ಈ ಭೇದ ಚಿಹ್ನೆಯಿಂದ ತೋರುವುದಿಲ್ಲ.

1962ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುಜರಾತಿಯನ್ನಾಗಲಿ ಹಿಂದಿಯನ್ನಾಗಲಿ ಏಕಮಾತ್ರ ಮಾಧ್ಯಮವಾಗಿ ಹೇರುವ ಅಧಿಕಾರ ಗುಜರಾತ ವಿಶ್ವವಿದ್ಯಾಲಯಕ್ಕೆ ಇಲ್ಲವೆಂದು ತೀರ್ಪಿತ್ತಿತು. ವಾದವೆಲ್ಲ ಮಾಧ್ಯಮದ ಸುತ್ತ ನಡೆಯಿತು. ಇಂಗ್ಲಿಷನ್ನು ಕಲಿಸುವ ಬಗೆ ಯಾರ ಗಮನವನ್ನೂ ಅಷ್ಟಾಗಿ ಸೆಳೆಯಲಿಲ್ಲ. ಹಾಗೆ ನೋಡಿದರೆ ವಲಸೆಯ ಮಗುವಿಗೆ ಒಂದು ಅನುಕೂಲವೂ ಉಂಟು. ಇಂಗ್ಲಿಷಿನಂತಹ ಸಂಬಂಧಾರ್ಥಕ ಸರ್ವನಾಮ ಕನ್ನಡದ ಸಹಜ ವಾಕ್ಯಕ್ಕೆ ಬೇಕಿಲ್ಲ. ಗುಜರಾತಿಯಲ್ಲಿ ‘ಜೆ’ ಇದೆ. ಸೂರತದಲ್ಲಿ ‘ಜೆ’ ಕಲಿತ ಕನ್ನಡ ಹುಡುಗನು ‘ಹೂ’, ‘ವ್ಹಿಚ್’ಗಳ ಪಾಠದಲ್ಲಿ ಮೈಸೂರಿನ ಓರಗೆಯವನಿಗಿಂತ ಒಂದು ಹೆಜ್ಜೆ ಮುಂದಿರಬಲ್ಲನು, ಅಧ್ಯಾಪಕರು ಗುಜರಾತಿಯನ್ನು ಇಂಗ್ಲಿಷ್ ತರಗತಿಯ ಹೊರಗೆ ನಿಲ್ಲಿಸದಿದ್ದರೆ.