ಮಗುಚದ ಹರಿಗೋಲೆಂಬ ಕೀರ್ತಿ

ಹರಿಗೋಲು ಮಗುಚದು ಎಂಬ ಮಾತು ನಮ್ಮ ಜಾನಪದಪ್ರಿಯ ಲೇಖಕರ ಬರಹಗಳಲ್ಲಿ ಎಷ್ಟು ನಿಶ್ಚಿಂತವಾಗಿ ನೆಲೆಯೂರಿದೆಯೆಂದರೆ, ಅದನ್ನು ಪರೀಕ್ಷಿಸ ಹೊರಟವನು ಪರಂಪರಾದ್ರೋಹಿಯೆಂಬ ಬಿರುದಿಗೆ ಮೊದಲೇ ಸಿದ್ಧನಾಗಿರಬೇಕಾಗುತ್ತದೆ. ಬಿದಿರಿನ ಹೆಣಿಗೆ, ತೊಗಲಿನ ಹೊದಿಕೆ, ತೊಗಲು ಹೋಗಿ ಬಂದ ಡಾಂಬರು ಮತ್ತು ಪ್ಲಾಸ್ಟಿಕ್ಕು, 1520ರ ಸುಮಾರಿಗೆ ಅದನ್ನು ತುಂಗಭದ್ರೆಯಲ್ಲಿ ಕಂಡು ಬರೆದಿಟ್ಟ ಪೋರ್ಚುಗೀಸ ಪಾಯಸ್, ಇವೆಲ್ಲ ವಾಚಕರಿಗೆ ವಿದಿತವಾದ ಸಂಗತಿಗಳೇ. ನನ್ನ ಪ್ರಶ್ನೆ ಒಂದೇ: ಭೀಮೆಯ ಮಡುವುಗಳಲ್ಲಿಯೂ, ಕಮಲಾಪುರ ತಾಲ್ಲೂಕಿನ ಕುರಿಕೋಟೆಯ ಸೇತುವೆಯಡಿ ಹರಿದು ಹೇರೂರಿನ ಅಣೆಕಟ್ಟಿನಲ್ಲಿ ತಂಗುವ ಬೆಣ್ಣೆತೊರೆಯಲ್ಲಿಯೂ ಬಲೆಯೆಳೆಯುವ ಕಲಬುರಗಿ ಸೀಮೆಯ ಮೀನುಗಾರನಿಗೆ ಈ ವರ್ತುಲಾಕೃತಿಯೇ ಅತ್ಯಂತ ಸ್ಥಿರವಾದುದೆ?

ಗುಣವನ್ನು ಮೊದಲು ಹೇಳಿಬಿಡುವುದು ನ್ಯಾಯ. ತೇಲುವ ವಸ್ತುವಿನ ಸ್ಥೈರ್ಯವನ್ನಳೆಯುವ ಮೆಟಾಸೆಂಟರ್ ಎಂಬ ಬಿಂದುವನ್ನು ಫ್ರಾನ್ಸಿನ ಪಿಯೇರ್ ಬೂಗೇರ್ 1746ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಅದು ಭಾರಕೇಂದ್ರಕ್ಕಿಂತ ಎಷ್ಟು ಮೇಲಿದ್ದರೆ ಅಷ್ಟು ಒಳಿತು. 2 ಮೀಟರ್ ವ್ಯಾಸದ ಹರಿಗೋಲು, ಬದಿಗಳು ಲಂಬವೆಂದೆಣಿಸಿ, 10 ಸೆಂಟಿಮೀಟರ್ ಮುಳುಗಿದಾಗ ತನ್ನ ತೂಕವೂ ಸೇರಿ ಸುಮಾರು 314 ಕಿಲೋ ಹೊರುತ್ತದೆ, ಮತ್ತು ಆ ಬಿಂದು, ನೀರಿನ ಮೇಲೊತ್ತು ನೆಲೆಗೊಳ್ಳುವ ತೇಲುಕೇಂದ್ರದಿಂದ 2.5 ಮೀಟರ್ ಎತ್ತರದಲ್ಲಿರುತ್ತದೆ. ಸಣ್ಣ ನಾವೆಗೆ ಇದು ಹಿರಿದಾದ ಸಂಪತ್ತು. ಆದರೆ ಈ ಸಂಪತ್ತು ವಾಲಿಕೆಯ ಮೊದಲ ಗಳಿಗೆಯದು, ಕಡೆಯದಲ್ಲ.

ಬಲೆಯೆಳೆಯುವ ಕ್ಷಣವನ್ನೇ ನೋಡಿರಿ. ತೊಯ್ದ ಕಿವಿರುಬಲೆ, ಅದರಲ್ಲಿ ಸಿಕ್ಕು ಒದ್ದಾಡುವ ಕಾಟ್ಲಾ, ಅಂಚಿಗೆ ಬಾಗಿದ ಮನುಷ್ಯ, ಮೂರರ ಭಾರವೂ ಒಂದೇ ಕಡೆ. ಅಂಚು 10 ಸೆಂಟಿಮೀಟರ್ ತಗ್ಗಿ ವಾಲಿಕೆ ಸುಮಾರು 6 ಡಿಗ್ರಿಯಾದಾಗ, ಎದುರು ಬದಿಯ ತಳ ನೀರನ್ನು ಬಿಟ್ಟು ಮೇಲೇಳತೊಡಗುತ್ತದೆ. ನೀರನ್ನೊತ್ತುವ ವಿಸ್ತಾರ ಕುಗ್ಗುತ್ತದೆ. ಯಾವ ಅಗಲವನ್ನು ನಂಬಿ ಅಂಬಿಗನು ಬಾಗಿದನೋ ಆ ಅಗಲವೇ ಅವನ ಕೈಬಿಡುತ್ತದೆ. ಇನ್ನೂ ವಾಲಿ ಅಂಚು ನೀರಿಗೆ ತಾಗಿತೆಂದರೆ ಮುಂದಿನ ಕೆಲಸ ನೀರಿನದು. ಇದಕ್ಕಿಂತ ಮೂಲವಾದ ದೋಷ ಮತ್ತೊಂದುಂಟು. ವರ್ತುಲಕ್ಕೆ ಉದ್ದವಿಲ್ಲ, ಎಂದರೆ, ಭಾರವನ್ನು ಧೈರ್ಯವಾಗಿ ಹೇರಬಹುದಾದ ಬಲವಾದ ದಿಕ್ಕು ಅದಕ್ಕಿಲ್ಲ. ಅದೇ 314 ಕಿಲೋವನ್ನು 3.6 ಮೀಟರ್ ಉದ್ದ, 1.2 ಮೀಟರ್ ಅಗಲದ ಚಪ್ಪಟೆ ತಳದ ದೋಣಿಗೆ ಹೊರಿಸಿದರೆ, ಅಡ್ಡಕ್ಕೆ ಮೆಟಾಸೆಂಟರಿನ ಎತ್ತರ 1.65 ಮೀಟರಿಗೆ ಇಳಿಯುವುದು ನಿಜ. ಉದ್ದಕ್ಕಾದರೋ ಸುಮಾರು 15 ಮೀಟರಿಗೆ ಏರುತ್ತದೆ. ಬಲೆಯನ್ನು ಪಕ್ಕದಿಂದಲ್ಲ, ಮೂತಿಯಿಂದ ಎಳೆಯಬೇಕೆಂಬ ವಿವೇಕಕ್ಕೆ ಆಧಾರ ಇಲ್ಲಿದೆ; ಹರಿಗೋಲಿಗೆ ಮೂತಿಯೇ ಇಲ್ಲ.

ಅನುಭವವನ್ನು ಸಾಕ್ಷಿಗೆ ಕರೆಯುವ ವಿಮರ್ಶಕರು, ತಲೆಮಾರುಗಳಿಂದ ಅಂಬಿಗರು ಮುಳುಗದೆ ಬಾಳಿದ್ದಾರಲ್ಲ ಎನ್ನುತ್ತಾರೆ. ಬಾಳಿದ್ದಾರೆ, ಸಂದೇಹವಿಲ್ಲ, ಆದರೆ ಕುಕ್ಕರಗಾಲಿನಲ್ಲಿ ಕುಳಿತು ಭಾರವನ್ನು ತಳಕ್ಕಿಳಿಸುವವನು ಅಂಬಿಗ, ತಾನು ಬಾಗಿದಾಗ ಜೊತೆಗಾರನನ್ನು ಎದುರಂಚಿಗೆ ಸರಿಸುವವನು ಅಂಬಿಗ. ಮನುಷ್ಯನ ಕೌಶಲವನ್ನು ಬುಟ್ಟಿಯ ಖಾತೆಗೆ ಜಮಾ ಮಾಡುವ ಈ ವಿಮರ್ಶೆ, ಅಂಬಿಗನನ್ನು ಹೊಗಳುತ್ತಿರುವೆನೆಂದು ನಂಬಿಕೊಂಡೇ ಅವನಿಗೆ ಅನ್ಯಾಯ ಮಾಡುತ್ತದೆ. ಪಾಯಸನನ್ನು ಪದೇ ಪದೇ ಉದಾಹರಿಸುವ ಇವರು, ಆ ನಾವೆಗಳು ನೇರವಾಗಿ ಸಾಗಲಾರದೆ ತಿರುಗುತ್ತಲೇ ಇರುತ್ತವೆಂದು ಆತನೇ ಬರೆದುದನ್ನು ಮಾತ್ರ ಮರೆಯುತ್ತಾರೆ. ಎದುರು ಪಕ್ಷದವರೂ ಕಡಮೆಯವರಲ್ಲ: ಕಡಲನ್ನು ಕಂಡುಬಂದ ಉತ್ಸಾಹದಲ್ಲಿ, ಮೊನಚು ತಳದ ದೋಣಿಯನ್ನೇ ಬೆಣ್ಣೆತೊರೆಗೂ ತರಬೇಕೆನ್ನುತ್ತಾರೆ. ವೇಗದಲ್ಲಿ ಅಲೆಯನ್ನು ಸೀಳಲು ಹುಟ್ಟಿದ ಆ ತಳ, ನಿಂತಲ್ಲಿ ಬಲೆ ಬಿಡಿಸುವಾಗ ಹೊಯ್ದಾಡುತ್ತದೆ. ಬೇಸಗೆಯಲ್ಲಿ ನೀರಿಳಿದ ಜಲಾಶಯದ ಅಂಚಿನ ಕೆಸರಿಗೆ ಮೊದಲು ಕಚ್ಚಿಕೊಳ್ಳುವುದೂ ಅದೇ.

ಹೊಳೆ ದಾಟಿಸಲು, ಹೆಗಲ ಮೇಲೆ ಹೊತ್ತೊಯ್ಯಲು, ಕಡಮೆ ಖರ್ಚಿನಲ್ಲಿ ಕಟ್ಟಲು ಹರಿಗೋಲಿಗೆ ಸಮನಾದುದಿಲ್ಲ. ಆ ಕೀರ್ತಿ ಅದಕ್ಕೇ ಇರಲಿ. ಆದರೆ ಗಾಳಿಗೆ ಬಯಲಾದ ಜಲಾಶಯದಲ್ಲಿ ದಿನವೂ ಬಲೆಯೆಳೆಯುವವನಿಗೆ ಬೇಕಾದುದು ಚಪ್ಪಟೆ ತಳದ, ಹೊರಚಾಚಿದ ಬದಿಗಳ, ಮೂತಿ ಅಗಲವಾದ ಉದ್ದನೆಯ ದೋಣಿ. ವಾಲಿದಷ್ಟೂ ಅದರ ಚಾಚಿದ ಬದಿ ನೀರಿಗಿಳಿದು ಅಗಲವನ್ನು ಬೆಳೆಸುತ್ತದೆ. ಹರಿಗೋಲು ಅಗಲವನ್ನು ಕಳೆದುಕೊಳ್ಳುವ ಗಳಿಗೆಯಲ್ಲಿ ಅದು ಗಳಿಸುತ್ತಿರುತ್ತದೆ.