ಸಿಂಹಾವಲೋಕನ ಮತ್ತು ಆಟದ ವಿಶ್ಲೇಷಣೆ: ರನ್ನನ ಗದಾಯುದ್ಧದಿಂದ ಕ್ರೀಡಾ ಪ್ರಸಾರದವರೆಗೆ

ಟಿವಿಯಲ್ಲಿ ಕ್ರೀಡಾ ವಿಶ್ಲೇಷಕನಾಗಬೇಕು ಅನ್ನೋ ಆಸೆ ನನಗಿದೆ. ಕನ್ನಡ ಎಂ.ಎ. ಓದುವವನಿಗೆ ಅಲ್ಲೇನು ಕೆಲಸ ಅಂತ ಹಾಸ್ಟೆಲಿನಲ್ಲಿ ಎಲ್ಲರೂ ಕೇಳ್ತಾರೆ. ಈ ಪ್ರಬಂಧ ಅದಕ್ಕೆ ಉತ್ತರ. ಅರ್ಧ ಉತ್ತರ ಅನ್ನಿ.

ನಮ್ಮೂರು ಲೇಪಾಕ್ಷಿ. ದೇವಸ್ಥಾನದ ಗೋಡೆಯಲ್ಲಿ ಕನ್ನಡ ಶಾಸನ, ಬೀದಿಯಲ್ಲಿ ತೆಲುಗು. 2018ರಲ್ಲಿ ಐಪಿಎಲ್‌ಗೆ ಕನ್ನಡದಲ್ಲೂ ವೀಕ್ಷಕ ವಿವರಣೆ ಬಂದ ಮೇಲೆ ನಮ್ಮ ಮನೆಯಲ್ಲಿ ರಿಮೋಟಿನ ಜಗಳ ಭಾಷೆಯ ಜಗಳವಾಯ್ತು. ಎರಡನ್ನೂ ಕೇಳಿ ಕೇಳಿ ಒಂದು ವಿಷಯ ಗಮನಕ್ಕೆ ಬಂತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ, ತೆಲುಗಿನಲ್ಲೂ ಅಷ್ಟೇ. "ಕವರ್ಸ್ ಕಡೆಗೆ ಬಾರಿಸಿದ ಚೆಂಡು ಗೆರೆಯನ್ನು" ಅನ್ನೋಷ್ಟರಲ್ಲಿ ಚೆಂಡು ಗೆರೆ ದಾಟಿರುತ್ತೆ. ಹಾಗಾಗಿ ವಿವರಣೆಗಾರರು ಕ್ರಿಯಾಪದ ಬಿಟ್ಟು "ಬೌಂಡರಿ!" ಅಂತ ಕೂಗ್ತಾರೆ. ಅದು ತಪ್ಪಲ್ಲ, ಆ ಕ್ಷಣಕ್ಕೆ ಕೂಗೇ ಬೇಕು.

ಆದರೆ ಆಟ ನಿಂತ ಮೇಲೆ ಇದೇ ವಾಕ್ಯರಚನೆ ವರವಾಗುತ್ತೆ. "ಕಾಲನ್ನು ಕ್ರೀಸಿನಲ್ಲೇ ಬಿಟ್ಟು, ಬ್ಯಾಟನ್ನು ಮೈಯಿಂದ ದೂರ ಚಾಚಿ, ಸ್ಲಿಪ್‌ಗೆ ಕ್ಯಾಚಿತ್ತ." ಕಾರಣಗಳು ಸಾಲಾಗಿ ಬಂದು ಫಲ ಕೊನೆಗೆ ನಿಲ್ಲುತ್ತೆ. ವಿಶ್ಲೇಷಣೆ ಅಂದ್ರೆ ಇದೇ ತಾನೇ? ಹೀಗಿದ್ದೂ ಪಂದ್ಯ ಮುಗಿದ ಮೇಲಿನ ಚರ್ಚೆ ಬಹುಪಾಲು ಕೂಗಿನ ಮುಂದುವರಿಕೆಯೇ. ಅದ್ಭುತ, ಅಮೋಘ, ಬೆಂಕಿ! ಯಾಕೆ ಅನ್ನೋದು ಅಪರೂಪ.

ರನ್ನ ಇಲ್ಲಿಯೇ ನೆನಪಾಗ್ತಾನೆ. ಗದಾಯುದ್ಧದ ವಸ್ತು ಒಂದು ಫೈನಲ್, ಭೀಮ–ದುರ್ಯೋಧನರ ಕಾಳಗ. ಅವನು ಅದನ್ನಷ್ಟೇ ಹೇಳಿ ಮುಗಿಸೋದಿಲ್ಲ. ಸಿಂಹಾವಲೋಕನ ಕ್ರಮದಿಂದ ಹಿಂದಕ್ಕೆ ನೋಡ್ತಾನೆ: ಜೂಜು, ದ್ರೌಪದಿಯ ಮುಡಿ, ಭೀಮನ ಪ್ರತಿಜ್ಞೆಗಳು. ತೊಡೆಗೆ ಬಿದ್ದ ಗದೆಯ ಏಟು ಎಷ್ಟು ವರ್ಷದ ಹಿಂದೆ ಹೊರಟಿತ್ತು ಅನ್ನೋದು ಆಗ ತಿಳಿಯುತ್ತೆ.

ಒಂದು ಆಟಕ್ಕೆ ಇದನ್ನು ಹಚ್ಚಿ ನೋಡೋಣ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರದೇ 22 ಅಂಕ. ಎಲ್ಲರ ಬಾಯಲ್ಲೂ ಆ 22. ನನಗೆ ಕುತೂಹಲ ಮಿಕ್ಕ 16ರ ಬಗ್ಗೆ. ಯಾರ ಟ್ಯಾಕಲ್‌ನಿಂದ ಬಂತು, ರೈಡರ್ ಅಂಗಳದಿಂದ ಹೊರಗಿದ್ದಾಗ ಅವನನ್ನು ಮತ್ತೆ ಒಳಗೆ ತಂದ ಅಂಕ ಯಾವುದು? ಕಬಡ್ಡಿಯಲ್ಲಿ ಔಟಾದವನು ತಂಡದ ಅಂಕದಿಂದಲೇ ಮರಳಬೇಕು. ಅಂದ ಮೇಲೆ 22ರೊಳಗೂ ಬೇರೆಯವರ ಪಾಲಿದೆ.

ಇನ್ನು ಅರ್ಧ ಉತ್ತರ ಅಂದದ್ದಕ್ಕೆ ಕಾರಣ. ಆಡದವನು ಈ ಕೆಲಸ ಮಾಡಬಹುದಾ? ಹರ್ಷ ಭೋಗ್ಲೆ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದವರಲ್ಲ, ಆದರೂ ದೊಡ್ಡ ದನಿಯಾದರು. ಅದೇ ಭೋಗ್ಲೆ 2016ರ ಐಪಿಎಲ್‌ಗೆ ಮುಂಚೆ ವಿವರಣೆಗಾರರ ತಂಡದಿಂದ ಹೊರಬಿದ್ದರು. ಪ್ರಸಾರದ ಹಕ್ಕು ಕೊಂಡವರು, ಆಟ ನಡೆಸುವವರು, ಇವರ ನೆರಳಲ್ಲೇ ವಿಶ್ಲೇಷಕ ಕೂರಬೇಕು. ಸಂಬಳ ಕೊಡುವವರ ತಂಡ ಕೆಟ್ಟದಾಗಿ ಆಡಿದರೆ ಹಾಗಂತ ಹೇಳೋಕಾಗುತ್ತಾ? ನನ್ನ ಅಳುಕು ಇದೇ.

ರನ್ನನಿಗೂ ಆಶ್ರಯದಾತ ಇದ್ದ. ಚಾಳುಕ್ಯ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿಯೇ ಕಾವ್ಯ ಕಟ್ಟಿದ, ಭೀಮನನ್ನು ಗೆಲ್ಲಿಸಿದ. ಆದರೂ ಸಂಜಯನ ಜೊತೆ ಹೆಣಗಳ ನಡುವೆ ನಡೆಯುವ ದುರ್ಯೋಧನ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯಕ್ಕೆ ತಲೆಬಾಗುವ ದುರ್ಯೋಧನ, ಓದಿದವರ ಮನಸ್ಸಿನಲ್ಲಿ ಉಳೀತಾನೆ. ಆ ಭಾಗಕ್ಕೆ ಆಸ್ಥಾನದಲ್ಲಿ ಯಾರಾದರೂ ಮುಖ ಗಂಟಿಕ್ಕಿದ್ದರಾ ಅಂತ ನಾನು ಆಗಾಗ ಯೋಚಿಸ್ತೀನಿ.

ಸದ್ಯ ಆ ಫೈನಲ್ ಪಂದ್ಯವನ್ನು ಮತ್ತೆ ಹಾಕಿಕೊಂಡು, ಧ್ವನಿ ಮುಚ್ಚಿ, 16 ಅಂಕಗಳನ್ನು ಒಂದೊಂದಾಗಿ ನೋಟ್‌ಬುಕ್ಕಿಗೆ ಇಳಿಸ್ತಾ ಇದ್ದೀನಿ. ಪ್ರಶ್ನೆಗಳಿದ್ದರೆ ಕೇಳಿ.